ರೆಕ್ಕೆಯ ಕೊಳವೆಯಲ್ಲಿ ಮಣ್ಣು

ಗೆಳೆಯರೇ, ಸವಳಂಗದ ಬಯಲಿನಲ್ಲಿ ಇವತ್ತು ಒಬ್ಬರ ಕೆಲಸ ಹೋಗುವುದರಲ್ಲಿತ್ತು. ಭತ್ತಕ್ಕೆ ಔಷಧಿ ಹೊಡೆಯುವ ನಮ್ಮ ಪುಟ್ಟ ವಿಮಾನದ ಎಂಜಿನ್ ಶುರುವಾಗಿ ಸ್ವಲ್ಪ ಹೊತ್ತಿಗೇ ನಿಂತುಹೋಗುತ್ತಿತ್ತು. ಮೆಕ್ಯಾನಿಕ್ ನಾನೇ. ಪ್ಲಗ್ಗು, ಕಾರ್ಬ್ಯುರೇಟರ್ ಬಿಚ್ಚಿ ನೋಡಿದೆ, ದೋಷ ಸಿಗಲಿಲ್ಲ. ಕೊನೆಗೆ ಇಂಧನದ ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು. ಟ್ಯಾಂಕಿಗೆ ಗಾಳಿ ಹೋಗುವ ಕೊಳವೆ ಕಟ್ಟಿಕೊಂಡು, ಇಂಧನ ಎಂಜಿನ್‌ಗೆ ಇಳಿಯುತ್ತಿರಲಿಲ್ಲ. ರೆಕ್ಕೆಯ ಕೆಳಗೆ ಬಗ್ಗಿ ನೋಡಿದರೆ ಅದರ ಬಾಯಿಗೆ ಒಣಮಣ್ಣು.

ಅದನ್ನು ಕಂಡ ಪೈಲಟ್, ವಿಮಾನದ ಕಾವಲುಗಾರ ರಾಜಾಸಾಬರ ಮೇಲೆ ಹರಿಹಾಯ್ದರು. "ಹುಡುಗರನ್ನ ಹತ್ರ ಬಿಟ್ಟು ಮಣ್ಣು ತುಂಬಿಸಿದ್ದೀಯ. ಹೊನ್ನಾಳಿಗೆ ಹೋಗಿ ಕಂಪನಿಗೆ ಟ್ರಂಕ್ ಕಾಲ್ ಮಾಡ್ತೀನಿ. ನಾಳೆಯಿಂದ ನೀನು ಬೇಡ."

"ಒಬ್ಬ ಹುಡುಗನ್ನೂ ಬಿಟ್ಟಿಲ್ರೀ ಸಾಹೇಬ್ರ" ಎಂದರು ರಾಜಾಸಾಬರು.

ನಾನು ತಂತಿಯಿಂದ ಮಣ್ಣನ್ನು ಮೆಲ್ಲಗೆ ಕೆದಕಿದೆ. ಅದು ಒಡೆದು, ಪುಟ್ಟ ಹಸಿರು ಹುಳುಗಳು ಅಂಗೈಗೆ ಬಿದ್ದವು. ಕಡಜ ತನ್ನ ಮರಿಗೆಂದು ಕೂಡಿಟ್ಟ ಬುತ್ತಿ. ಪೈಲಟ್‌ಗೆ ತೋರಿಸಿ, "ಇದು ಹುಡುಗರ ಕೆಲಸ ಅಲ್ಲ ಸರ್, ಕಡಜದ ಗೂಡು" ಎಂದೆ.

ಅವರು ಕಾವಲುಗಾರರ ಕಡೆ ತಿರುಗಿ, "ತಪ್ಪಾಯ್ತು ರಾಜಾಸಾಬ್ರೇ" ಎಂದರು. ಎಂಜಿನ್ ಈಗ ನಿಲ್ಲದೆ ಓಡಿತು. ಮಧ್ಯಾಹ್ನದೊಳಗೆ ಕೆರೆಯ ಹಿಂದಿನ ಗದ್ದೆಗಳಿಗೆಲ್ಲ ಔಷಧಿ ಬಿತ್ತು.

ಸಂಜೆ ರಾಜಾಸಾಬರು ತಮ್ಮ ಕೆಂಪು ರುಮಾಲಿನಿಂದ ಒಂದು ಚೂರು ಹರಿದು, ಕಡಜ ಮತ್ತೆ ನುಗ್ಗದಂತೆ ಕೊಳವೆಯ ಬಾಯಿಗೆ ಕಟ್ಟಿದರು. "ಬೆಳಗ್ಗೆ ಮರೀದೆ ಬಿಚ್ರಿ ಸಾಹೇಬ್ರ. ಇಲ್ಲಾಂದ್ರೆ ಅದಕ್ಕೂ ನನ್ನೇ ಬೈತೀರಿ."

ಪೈಲಟ್ ನಗುತ್ತಾ ಅಂಗೈ ಮೇಲೆ ಪೆನ್ನಿನಿಂದ 'ಬಟ್ಟೆ' ಎಂದು ಬರೆದುಕೊಂಡರು. ಊಟಕ್ಕೆ ಕೈ ತೊಳೆದರೆ ಅದು ಅಳಿಸಿಹೋಗುತ್ತದೆ, ಆದರೆ ನೆನಪಿಸಲು ನಾನಿದ್ದೇನೆ.