ಶುಕ್ರವಾರದ ಕೊಲೆಗಾರ

"ಅಂಕಲ್, ಇವತ್ತು ಕೊಲೆಗಾರ ಯಾರು?" ಆಫೀಸಿನಿಂದ ಶ್ರೀನಾಥ ಫೋನ್ ಮಾಡಿದ.

ಅಮೆರಿಕದ ನಾರ್‌ಕ್ರಾಸ್ ಊರಿನ ವಿಡಿಯೊ ಅಂಗಡಿಯ ಕೌಂಟರಿನಲ್ಲಿ ನಾನು ಕೂರುತ್ತಿದ್ದೆ. ಅವನ ಹೆಂಡತಿ ವತ್ಸಲಾಗೆಂದು ಹಳೇ ಹಾಲಿವುಡ್ ಪತ್ತೇದಾರಿ ಚಿತ್ರವೊಂದನ್ನು ಎತ್ತಿಟ್ಟಿದ್ದೆ.

"ಡಾಕ್ಟರು" ಎಂದು ಫೋನ್ ಇಟ್ಟೆ. ಪ್ರತಿ ಶುಕ್ರವಾರ ಇದೇ ಕಥೆ. ಯಾಕೆಂದು ನಾನು ಕೇಳಿದವನಲ್ಲ.

ಸಂಜೆ ವತ್ಸಲಾ ಬಂದಳು. ಮುಖ ಸಪ್ಪಗಿತ್ತು.

"ಕೊಲೆಗಾರನ್ನ ಮೊದಲು ಹಿಡಿದವರು ಗೆದ್ದಂಗೆ, ಅಂಕಲ್. ಸೋತವರು ವಾರವೆಲ್ಲ ಪಾತ್ರೆ ತೊಳೀಬೇಕು. ನಮ್ಮನೆಯವರು ಸಿನಿಮಾ ಶುರುವಾಗ್ತಿದ್ದಂಗೇ ಹೇಳ್ಬಿಡ್ತಾರೆ. ಅದೇನು ಬ್ರೈನೋ!"

ಪಂದ್ಯದ ವಿಷಯ ನನಗೆ ಗೊತ್ತಾದದ್ದು ಆಗಲೇ.

ಕಡಿಮೆ ದುಡ್ಡಿನ ಚಿತ್ರಗಳು ಅವು. ಒಂದೇ ಸ್ಟುಡಿಯೊ, ಒಂದೇ ಮೆಟ್ಟಿಲು, ಅವೇ ಕುರ್ಚಿಗಳು, ಅವೇ ಮುಖಗಳು. ಹೆಸರು ತೋರಿಸದಿದ್ದರೆ ಇದು ಯಾವ ಚಿತ್ರವೆಂದು ತೆಗೆದವರಿಗೂ ತಿಳಿಯದು. ಡಬ್ಬಿ ಹಾಗೇ ಬಿಟ್ಟು ಒಳಗೆ ಅಂಥದೇ ಬೇರೊಂದು ಚಿತ್ರದ ಕ್ಯಾಸೆಟ್ ಇಟ್ಟು ಕೊಟ್ಟೆ.

"ಟೈಟಲ್ ಮುಗಿಯೋವರೆಗೂ ಅವನು ಅಡುಗೆಮನೇಲಿರಲಿ. ಪಾಪ್‌ಕಾರ್ನ್ ಮಾಡ್ಲಿ."

"ಯಾಕಂಕಲ್?"

"ಮಾಡ್ಲಿ."

ಕ್ಯಾಸೆಟ್ ವಾಪಸ್ ಕೊಡಲು ಶ್ರೀನಾಥನೇ ಬಂದ. ಕೌಂಟರಿನ ಮೇಲೆ ಕುಕ್ಕಿದ.

"ಡಾಕ್ಟರೇ ಅಂತ ಎದೆ ತಟ್ಟಿ ಹೇಳ್ದೆ, ಅಂಕಲ್. ಹೇಳಿ ಬಾಯಿ ಮುಚ್ಚೋದರೊಳಗೆ ಡಾಕ್ಟರೇ ಹೆಣವಾಗಿ ಬಿದ್ದ! ಅವಳು ಸೋಫಾದಿಂದ ಬಿದ್ದು ಬಿದ್ದು ನಕ್ಕಳು."

"ಹೌದಾ" ಎಂದೆ.

"ಹೌದಾ ಅಂತೀರಲ್ಲ! ನಿಮ್ಮನ್ನ ನಂಬಿದ್ದೆ."

"ವಯಸ್ಸಾಯ್ತಪ್ಪ."

ಆ ವಾರ ಪಾತ್ರೆ ಅವನು ತೊಳೆದ.

ಮುಂದಿನ ಶುಕ್ರವಾರವೂ ಫೋನ್ ಬಂತು. "ಅಂಕಲ್, ಇವತ್ತು ಕೊಲೆಗಾರ ಯಾರು?"

ಕೇಳಿದ್ದು ವತ್ಸಲಾ.