ರಾಜಕುಮಾರನ ಹೆಂಡತಿಯ ಪಾಲು

ನಾವು ಕಡಲು ದಾಟಿ ಬಂದು ನೆಲೆಸಿದ ಸುಬಾಂಗ್ ಜಯಾದಲ್ಲಿ, ಮನೆಯ ಹತ್ತಿರ ಹೊಸದೊಂದು ಬೇಕರಿ ಬಂದಿದೆ. ಹೆಸರು ಫ್ರೆಂಚಿನದು, ಮಾಲೀಕರು ಈ ದೇಶದ್ದೇ ಇಪೋ ಊರಿನ ಕಡೆಯ ಚೀನೀಯರು, ಬನ್ನಿನೊಳಗೆ ಇಲ್ಲಿನ ಮೆಣಸಿನ ಚಟ್ನಿ ಸಾಂಬಾಲ್. ಮೊನ್ನೆ ಬೆಣ್ಣೆಯ ಘಮಕ್ಕೆ ಮರುಳಾಗಿ ಒಳಗೆ ಹೋದೆ. ಸಕ್ಕರೆ ಕಾಯಿಲೆಯವಳು ಅಲ್ಲಿಗೆ ಹೋಗಬಾರದು, ಗೊತ್ತು. ನೀವು ಯಾರಿಗೂ ಹೇಳಬೇಡಿ. ಗೋಡೆಯ ಮೇಲೊಂದು ಚಿತ್ರವಿತ್ತು: ಹೆಗಲಿಗಿಳಿದ ಗುಂಗುರು ಕೂದಲು, ಗಿಡುಗನಂಥ ಮೂಗು, ಕುದುರೆ ಏರಿ ಸೈನ್ಯ ನಡೆಸುತ್ತಿರುವ ರಾಜಕುಮಾರ. ಹೆಸರು ಬರೆದಿರಲಿಲ್ಲ. ಇವನು ಮಾಲಿನಿಯಕ್ಕನ ರಾಜಕುಮಾರನೇ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಮಾಲಿನಿಯಕ್ಕ ಉಡುಪಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದವರು. ಗಂಡನಿಗೆ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಇವರಿಗೆ ಸಿಕ್ಕಿದ್ದು ಗಂಡನ ಆಸರೆಯ ವೀಸಾ, ಕೆಲಸ ಮಾಡಬಾರದೆಂಬ ಷರತ್ತು. ಸುಮ್ಮನೆ ಕೂರುವ ಹೆಂಗಸಲ್ಲ. ಶನಿವಾರ ನಮ್ಮ ಕಾಂಡೋ ಕಟ್ಟಡದ ಹಾಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸತೊಡಗಿದರು. ಅಕ್ಷರ ಕಡಿಮೆ, ಕತೆ ಜಾಸ್ತಿ. ನನ್ನ ಮಗಳು ಅನಘಾಳೂ ಉಳಿದವರಂತೆ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕುತ್ತಿದ್ದಳು. ನಾನು ಹಿಂದಿನ ಸಾಲಿನಲ್ಲಿ ತರಕಾರಿ ಹೆಚ್ಚುತ್ತಾ ಕೂತು, ಮಕ್ಕಳಿಗಿಂತ ಹೆಚ್ಚು ಕಲಿತೆ.

ಹಾಗೆ ಬಂದವನು ಆ ಫ್ರೆಂಚ್ ರಾಜಕುಮಾರ. ಮೀಸೆ ಬಲಿಯುವ ವಯಸ್ಸಿಗೇ ಸೇನಾಪತಿಯಾಗಿ ಸ್ಪೇನಿನ ಸೈನ್ಯವನ್ನು ಮಣಿಸಿದವನು. ಮಕ್ಕಳಿಗೆ ಅವನು ಎಷ್ಟು ಹಿಡಿಸಿದನೆಂದರೆ, ಪೆಟಾಲಿಂಗ್ ಜಯಾದಲ್ಲಿ ನಡೆಯುವ ನಮ್ಮ ರಾಜ್ಯೋತ್ಸವದಲ್ಲಿ ಅದೇ ಕತೆ ಹೇಳಬೇಕೆಂದು ಇಲ್ಲಿನ ಕನ್ನಡ ಸಂಘದವರು ಕೇಳಿಕೊಂಡರು. ಕೇಳಿಕೊಂಡ ಮೇಲೆ ಪೂರ್ತಿ ಕತೆ ಏನೆಂದು ವಿಚಾರಿಸಿದರು. ವಿಚಾರಿಸಿದ ಮೇಲೆ ಮುಖ ಸಣ್ಣದಾಯಿತು.

ಅಧ್ಯಕ್ಷರು ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ವ್ಯವಹಾರ ಮಾಡಿದವರು, ಬಹಳ ಮರ್ಯಾದಸ್ಥರು. "ಮೇಡಂ, ಯುದ್ಧ ಗೆದ್ದಲ್ಲಿಗೇ ನಿಲ್ಲಿಸಿಬಿಡಿ. ಫ್ಯಾಮಿಲಿ ಪ್ರೋಗ್ರಾಮ್ ಅಲ್ವಾ," ಎಂದರು. ಮಾಲಿನಿಯಕ್ಕನ ಗಂಡ ಪ್ರೊಫೆಸರರೂ ಮನೆಯಲ್ಲಿ ಅದನ್ನೇ ಹೇಳಿದರಂತೆ, ಇಷ್ಟು ಮರ್ಯಾದೆಯಿಂದಲ್ಲ. ಮಾಲಿನಿಯಕ್ಕ ಇಬ್ಬರಿಗೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ರಾಜ್ಯೋತ್ಸವದ ದಿನ ಯುದ್ಧದ ಭಾಗ ಮುಗಿಯುತ್ತಲೇ ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಶಾಲು ಹಿಡಿದು ಎದ್ದರು.

"ಕೂತ್ಕೊಳ್ಳಿ ಸರ್. ಕತೆ ಇನ್ನೂ ಉಂಟು," ಎಂದರು ಮಾಲಿನಿಯಕ್ಕ.

ಶಾಲಿನ ಸಮೇತ ಅವರು ಕೂತರು. ಮಾಲಿನಿಯಕ್ಕ ಮುಂದುವರಿಸಿದರು. ಅಪ್ಪನ ಒತ್ತಾಯಕ್ಕೆ ಆಟವಾಡುವ ವಯಸ್ಸಿನ ಹುಡುಗಿಯನ್ನು ಮದುವೆಯಾದ ರಾಜಕುಮಾರ ಅವಳನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅರಮನೆಯವರು ಅವನನ್ನು ಸೆರೆಗೆ ಹಾಕಿದಾಗ ಅವಳೇ ಎಳೆಯ ಮಗನನ್ನು ಕರೆದುಕೊಂಡು ದೂರದ ಪಟ್ಟಣಕ್ಕೆ ಹೋಗಿ, ಆ ಪಟ್ಟಣವನ್ನೇ ಅವನ ಪರವಾಗಿ ನಿಲ್ಲಿಸಿದಳು. ಅವಳು ಯುದ್ಧ ನಡೆಸುತ್ತಿದ್ದಾಗ ಇವನು ಸೆರೆಮನೆಯಲ್ಲಿ ಹೂಗಿಡಗಳಿಗೆ ನೀರು ಹಾಕುತ್ತಿದ್ದ. ಬಿಡುಗಡೆಯಾದ ಮೇಲೆ ಶತ್ರುಗಳ ಕಡೆ ಸೇರಿ ಸ್ವಂತ ದೇಶದ ಮೇಲೆಯೇ ಕತ್ತಿ ಎತ್ತಿದ. ಅದಕ್ಕೂ ಕ್ಷಮೆ ಸಿಕ್ಕಿತು, ಮತ್ತೆ ಸೇನಾಪತಿಯಾದ. ಆದರೆ ಮನೆಯಲ್ಲಿ ನಡೆದ ಒಂದು ಗಲಾಟೆಯ ನೆಪ ಸಿಕ್ಕಿದ್ದೇ, ಹೆಂಡತಿಯನ್ನು ದೂರದ ಕೋಟೆಯಲ್ಲಿ ಕೂಡಿಹಾಕಿಸಿದ. ತಾನು ಸತ್ತ ಮೇಲೂ ಬಿಡಬೇಡಿ ಎಂದು ಅರಸನನ್ನು ಬೇಡಿಕೊಂಡ. ಅವಳು ಅಲ್ಲಿಯೇ ಸತ್ತಳು.

ನಡುವೆ ಯಾರೋ ಮೈಕ್ ಆರಿಸಿದ್ದರು. ಕಾಲೇಜಿನಲ್ಲಿ ಪಾಠ ಹೇಳಿದ ಗಂಟಲಿಗೆ ಅದರ ಹಂಗು ಇರಲಿಲ್ಲ.

ಅನಘಾ ಮುಂದಿನ ಸಾಲಿನಿಂದ ಎದ್ದು ನಿಂತು, ಇಲ್ಲಿನ ಮಕ್ಕಳ ಇಂಗ್ಲಿಷಿನಲ್ಲಿ ಕೇಳಿದಳು. "ಬಟ್ ವೈ ಲಾ, ಆಂಟಿ?"

"ಯಾಕೆ ಅಂತ ಆಗ ಯಾರೂ ಕೇಳಲಿಲ್ಲ ಮಗಾ. ಅದಕ್ಕೇ."

ಆ ಸಲ ಚಪ್ಪಾಳೆ ಬೀಳಲಿಲ್ಲ. ಊಟದ ಸಾಲಿನಲ್ಲಿ ಅವರ ಮುಂದೆಯೂ ಹಿಂದೆಯೂ ಜಾಗ ಖಾಲಿ ಇತ್ತು. ನಾನು ತಟ್ಟೆ ಹಿಡಿದು ಹಿಂದೆ ನಿಂತೆ. ಬಿಸಿಬೇಳೆಭಾತಿಗೆ ತುಪ್ಪ ಸಾಲದು ಎಂದರು ಮಾಲಿನಿಯಕ್ಕ, ಅಷ್ಟೇ. ಸಂಘ ಮತ್ತೆ ಕರೆಯಲಿಲ್ಲ, ಅವರು ಕೇಳಿಕೊಂಡು ಹೋಗಲೂ ಇಲ್ಲ. ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆಗೆ ಸೇರಿ, ಗಂಡನ ಆಸರೆಯಿಲ್ಲದ ತಮ್ಮದೇ ವೀಸಾ ಮಾಡಿಸಿಕೊಂಡರು. ಅದು ಕೈಗೆ ಬಂದ ದಿನ ನನ್ನನ್ನು ತಮಿಳು ಮುಸ್ಲಿಮರ ಮಾಮಕ್ ಅಂಗಡಿಗೆ ಕರೆದೊಯ್ದು ಪರೋಟದಂಥ ರೊಟಿ ಚಾನಾಯ್ ಕೊಡಿಸಿದರು. ಪ್ರೊಫೆಸರರು ಕೆಲವು ತಿಂಗಳು ಮುನಿಸಿಕೊಂಡಿದ್ದು, ಆಮೇಲೆ ತಾವೇ ಅವರನ್ನು ರೈಲು ನಿಲ್ದಾಣಕ್ಕೆ ಬಿಡತೊಡಗಿದರು. ಈಗ ಮಾಲಿನಿಯಕ್ಕ ಆ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡುತ್ತಾರೆ.

ಬೇಕರಿಯಿಂದ ಮನೆಗೆ ಬಂದರೆ ಫೋನಿನ ತುಂಬ ಸಂಘದ ಸಂದೇಶಗಳು. ಈ ವರ್ಷ ನಾನೂ ಸಮಿತಿಯಲ್ಲಿದ್ದೇನೆ, ಚಟ್ನಿಯ ಉಸ್ತುವಾರಿಗೆಂದು ಸೇರಿಸಿಕೊಂಡವಳು. ಯಾರಿಗೂ ನೋವಾಗದಂಥ ಭಾಷಣಕಾರರ ಹೆಸರು ಸೂಚಿಸಿ ಎಂದಿದ್ದರು. ನಾನು ಬರೆದೆ: ಮಾಲಿನಿಯಕ್ಕನನ್ನು ಕರೆಯೋಣ, ವಿಷಯ ಅವರಿಷ್ಟ, ಸಮಯವೂ ಅವರಿಷ್ಟ. ಆಮೇಲೆ ಒಬ್ಬರು, ಮೇಡಂ ಇನ್ನೊಮ್ಮೆ ಯೋಚಿಸಿ ಎಂದರು.

ಯೋಚಿಸಿ ಆಗಿದೆ ಎಂದು ಬರೆದು, ಚಟ್ನಿಗೆ ಕಾಯಿ ತುರಿಯಲು ಕೂತೆ.