ಬೆನ್ನ ಹಿಂದಿನ ಎಣಿಕೆ

ನಮ್ಮ ಮನೆಯವರಿಗೆ ನಲವತ್ತೊಂಬತ್ತು ತುಂಬಿ ಐವತ್ತು ನಡೆಯುತ್ತಿದ್ದ ವರ್ಷ. ಹೂಮಳೆ ಬಿದ್ದು, ಕಾಫಿ ಹೂವೆಲ್ಲ ಉದುರಿ ಮುಗಿದಿತ್ತು. ಸಕಲೇಶಪುರದ ಡಾಕ್ಟರು ಅವರ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು, ಮೀಟರ್ ನೋಡಿ, ಇನ್ನೊಮ್ಮೆ ಗಾಳಿ ಹೊಡೆದರು. ಒಂದೇ ಸಲ ನೋಡಿ ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಬಿ.ಪಿ. ಜಾಸ್ತಿ ಇದೆ, ತೂಕವೂ ಜಾಸ್ತಿ ಇದೆ, ಮಾತ್ರೆ ಕೊಡುತ್ತೇನೆ, ಆದರೆ ಮೈ ಬಗ್ಗಿಸದೆ ಇದ್ದರೆ ಮಾತ್ರೆಯೊಂದೇ ಏನೂ ಮಾಡುವುದಿಲ್ಲ ಎಂದರು.

ವಾಪಸು ಬರುವಾಗ ಜೀಪಿನಲ್ಲಿ ಇವರು ತಮಾಷೆ ಶುರು ಮಾಡಿದರು. "ನಮ್ಮನೆ ಗಂಡಸ್ರು ಐವತ್ತರ ಗೇಟ್ ದಾಟಲ್ಲ ಕಣೆ. ಅಪ್ಪನೂ ದಾಟ್ಲಿಲ್ಲ, ದೊಡ್ಡಪ್ಪನೂ ದಾಟ್ಲಿಲ್ಲ. ನಾನೊಬ್ನೇ ದಾಟಿ ಆ ಕಡೆ ಏನ್ ಮಾಡ್ಲಿ?"

ನಾನು ಮನೆ ಬರುವ ತನಕ ಬಾಯಿ ಬಿಡಲಿಲ್ಲ. ನಾನು ಸುಮ್ಮನಿರುವುದು ನಮ್ಮ ಮನೆಯಲ್ಲಿ ಬಹಳ ಅಪರೂಪ, ಆದ್ದರಿಂದ ಅವರು ನಿಜವಾಗಿಯೂ ಹೆದರಿದರು. ಇಳಿಯುವ ಹೊತ್ತಿಗೆ, ನೀನು ಹೇಳಿದ ಹಾಗೆ ಕೇಳುತ್ತೇನೆ ಎಂದು ಒಪ್ಪಿದ್ದರು.

ಮೊದಲು ವಾಕಿಂಗ್ ಎಂದುಕೊಂಡೆವು. ಯಸಳೂರಿನಿಂದ ಒಳಗಿರುವ ನಮ್ಮಂಥ ಊರಿನಲ್ಲಿ ಸುಮ್ಮನೆ ರಸ್ತೆ ಮೇಲೆ ನಡೆಯುವುದಕ್ಕೆ ಆಗುವುದಿಲ್ಲ ಎಂಬುದು ಪೇಟೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು. ಸ್ವಂತ ಜೀಪ್ ಇರುವವನು ಕಾಲ್ನಡಿಗೆಯಲ್ಲಿ ಕಂಡರೆ ಗಾಡಿ ಕೆಟ್ಟಿದೆ, ಇಲ್ಲವೇ ಹೆಂಡತಿ ಜೊತೆ ಜಗಳವಾಗಿದೆ ಎಂದೇ ಅರ್ಥ. ಹಿಂದಿನಿಂದ ಬಂದ ಜೀಪ್ ನಿಲ್ಲುತ್ತದೆ. "ಹತ್ತು ಮಾರಾಯ" ಅನ್ನುತ್ತಾರೆ. ಹತ್ತದಿದ್ದರೆ ಅವರಿಗೆ ಬೇಜಾರು. ಹತ್ತಿದರೆ ಅವರ ಮನೆ. ಅವರ ಮನೆಗೆ ಹೋದ ಮೇಲೆ ಕಡುಬು ತಿನ್ನದೆ ಎದ್ದು ಬರುವುದುಂಟೇ? ಮೊದಲ ದಿನ ವಾಕಿಂಗ್ ಹೋದವರು ಹೊತ್ತೇರಿದ ಮೇಲೆ ಇನ್ಯಾರದೋ ಜೀಪಿನಿಂದ ತೇಗುತ್ತಾ ಇಳಿದರು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಬೇರೆ. ಆ ವಾರವೆಲ್ಲ ಹಾಗೇ ಆಯಿತು. ಆಮೇಲೆ ಬಿಸಿಲೆ ಕಾಡಿನ ಕಡೆಯಿಂದ ಆನೆ ಇಳಿದಿದೆ, ಬೆಳಗಿನ ಹೊತ್ತು ಯಾರೂ ರಸ್ತೆಗೆ ಬರಬೇಡಿ ಎಂಬ ಸುದ್ದಿ ಬಂತು. ಆನೆ ಸುದ್ದಿ ಕೇಳಿ ಅಷ್ಟು ಖುಷಿಪಟ್ಟ ತೋಟದವನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಸನದಲ್ಲಿ ಕಾಲೇಜು ಓದುತ್ತಿದ್ದ ಮಗಳು ರಜಕ್ಕೆ ಬಂದಾಗ ಒಂದು ಸಿ.ಡಿ. ತಂದಳು. ಮನೆಯಲ್ಲೇ ಇಬ್ಬರು ಜೋಡಿಯಾಗಿ ಮಾಡುವ ವ್ಯಾಯಾಮ. ಸಮುದ್ರದ ದಂಡೆಯ ಮೇಲೆ ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಹೊಟ್ಟೆಯೇ ಇಲ್ಲದವರು, ಇಬ್ಬರಿಗೂ ಬಸ್ಕಿ ಹೊಡೆಯುವಾಗಲೂ ನಗು. ಜೋಡಿಯಲ್ಲಿ ಒಬ್ಬರು ತಪ್ಪಿಸಿದರೆ ಇನ್ನೊಬ್ಬರದೂ ವ್ಯರ್ಥ ಎಂದು ಅವರು ಮೊದಲೇ ಹೇಳಿದ್ದರು. ನನಗೆ ಆ ಮಾತು ಹಿಡಿಸಿತು. ಒಂದು ದಿನವೂ ಬಿಡುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿ ಎಂದೆ. ದೇವರನ್ನು ಇದಕ್ಕೆಲ್ಲ ಎಳೆಯುವುದು ಬೇಡ ಎಂದು ಇವರು ನನ್ನ ತಲೆ ಮೇಲೆ ಕೈಯಿಟ್ಟರು.

ಜಾಗದ್ದೇ ಪ್ರಶ್ನೆಯಾಯಿತು. ಹಜಾರದಲ್ಲಿ ನಮ್ಮತ್ತೆ ಬೆಳಗಿನ ಜಾವವೇ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಕೂತಿರುತ್ತಾರೆ. ಜಗಲಿಗೆ ತೋಟದ ಲೆಕ್ಕ ಬರೆಯುವ ರೈಟರ್ ಬಂದು ಅವತ್ತಿನ ಕೆಲಸ ಕೇಳಿಕೊಂಡು ನಿಲ್ಲುತ್ತಾನೆ. ಮಲಗುವ ಕೋಣೆಯಲ್ಲಿ ನಾನು ಕೈ ಚಾಚಿದರೆ ಬೀರುವಿಗೆ ತಾಗುತ್ತದೆ. ಉಳಿದದ್ದು ಕಾಫಿ ಸ್ಟೋರ್. ಫಸಲು ಸಾಗಿಸಿ ಆಗಿತ್ತು, ಒಳಗೆ ಖಾಲಿ ಗೋಣಿ ಚೀಲ ಮತ್ತು ಹಳೇ ತಕ್ಕಡಿಯ ತೂಕದ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಚೀಲ ಹಾಸಿಕೊಂಡರೆ ಮಲಗಿ ಮಾಡುವುದಕ್ಕಾಯಿತು, ತೂಕದ ಕಲ್ಲು ಎತ್ತಿ ಇಳಿಸುವುದಕ್ಕಾಯಿತು. "ಸ್ಟೋರ್ ಯಾಕೆ? ಕೊಟ್ಟಿಗೆ ಆಗಲ್ವಾ?" ಎಂದು ಇವರು ಒಂದೆರಡು ಸಲ ಕೇಳಿದರು. ಹಸುಗಳ ಮುಂದೆ ಬಸ್ಕಿ ಹೊಡೆಯುವುದಕ್ಕೆ ನಾನು ಒಪ್ಪಲಿಲ್ಲ.

ದಿನಾ ಬೆಳಿಗ್ಗೆ ಗಂಡ ಹೆಂಡತಿ ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಒಳಗಿನಿಂದ ಏದುಸಿರು ಕೇಳುವುದು, ಬೆವರಿಕೊಂಡು ಆಚೆ ಬರುವುದು. ನಮ್ಮತ್ತೆ ಮೂರು ದಿನ ತಡೆದುಕೊಂಡರು. ನಾಲ್ಕನೆಯ ದಿನ ನನ್ನನ್ನು ಅಡುಗೆಮನೆಗೆ ಕರೆದು, "ಮದ್ವೆ ವಯಸ್ಸಿಗೆ ಬಂದ ಮಗಳವ್ಳೆ, ಗ್ಯಾನ ಇರ್ಲಿ ಕಣವ್ವ" ಎಂದರು. ವ್ಯಾಯಾಮ ಅತ್ತೆ, ಡಾಕ್ಟರು ಹೇಳಿದ್ದು ಎಂದೆ. "ಡಾಕ್ಟ್ರು ಹಿಂಗೂ ಹೇಳ್ತಾರ?" ಎಂದು ಹೋದರು. ನಂಬಲಿಲ್ಲ ಎಂಬುದು ಅವರ ಬೆನ್ನಿನಲ್ಲೇ ಕಾಣುತ್ತಿತ್ತು.

ಸಿ.ಡಿ. ಬಹಳ ದಿನ ನಡೆಯಲಿಲ್ಲ. ಸ್ಟೋರಿಗೆ ಹೊತ್ತು ತಂದಿದ್ದ ಟಿ.ವಿ.ಯನ್ನು ಅತ್ತೆ ತಮ್ಮ ಧಾರಾವಾಹಿಗೆಂದು ವಾಪಸು ತರಿಸಿದರು. ಅಷ್ಟರಲ್ಲಿ ನಮಗೆ ಬಾಯಿಪಾಠವಾಗಿತ್ತು, ಬೇಕಾಗಿದ್ದದ್ದು ಎಣಿಸುವವರು ಮಾತ್ರ. ಇವರು ತಾವೇ ಎಣಿಸುತ್ತೇನೆಂದು ಮುಂದೆ ಬಂದರು. ನಮ್ಮ ಕಡೆ ಕಣದಲ್ಲಿ ಭತ್ತ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಎರಡನೆಯದು ಸುರಿದ ಮೇಲೆ, ಮೂರನೆಯದು ತುಂಬುವ ತನಕ, ಎರಡು ಎರಡು ಎರಡು ಎಂದು ರಾಗವಾಗಿ ಹೇಳುತ್ತಲೇ ಇರುತ್ತಾರೆ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪದಿರಲಿ ಎಂದು. ಇವರಿಗೆ ಎಣಿಸುವುದೆಂದರೆ ಅದೊಂದೇ ಗೊತ್ತಿದ್ದದ್ದು. ಎಣಿಸಲು ಕೂತರೆ ಯಾರು ಕರೆದರೂ ಉತ್ತರವಿಲ್ಲ. ಒಮ್ಮೆ ರೈಟರ್ ಬಾಗಿಲಾಚೆಯಿಂದ, ಕಳೆ ತೆಗೆಯುವುದಕ್ಕೆ ಎಷ್ಟು ಆಳು ಕಳಿಸಲಿ ಎಂದು ಕೇಳಿದ. ಒಳಗಿನಿಂದ "ಒಂಬತ್ತು ಒಂಬತ್ತು ಒಂಬತ್ತು" ಎಂದು ಬಂತು. ಅವನು ಒಂಬತ್ತು ಆಳು ಕಳಿಸಿದ.

ಎದುರುಬದುರು ನಿಂತು ಮಾಡಬೇಕೆಂಬುದು ಸಿ.ಡಿ.ಯ ನಿಯಮ. ಆದರೆ ಬನಿಯನ್ನಿನೊಳಗೆ ಇವರ ಹೊಟ್ಟೆ ಕುಣಿಯುವುದನ್ನು ನೋಡಿ ನನಗೆ ನಗು ತಡೆಯುತ್ತಿರಲಿಲ್ಲ. ಇವರು ಮುಖ ಊದಿಸಿಕೊಂಡರು. ಕೊನೆಗೆ ಬೆನ್ನಿಗೆ ಬೆನ್ನು ಮಾಡಿ ನಿಲ್ಲುವುದೆಂದು ರಾಜಿಯಾಯಿತು. ನಾನು ಗೋಡೆ ಕಡೆ, ಅವರು ಬಾಗಿಲು ಕಡೆ. ಹಿಂದಿನಿಂದ ಗಂಭೀರವಾದ ಎಣಿಕೆ ಬರುತ್ತಿತ್ತು, ನಾನು ಅದಕ್ಕೆ ತಕ್ಕಂತೆ ಎದ್ದು ಕೂರುತ್ತಿದ್ದೆ. ಎಷ್ಟು ಶ್ರದ್ಧೆ ಬಂದುಬಿಟ್ಟಿತು ಇವರಿಗೆ ಎಂದು ನಾನು ತವರಿಗೆ ಫೋನ್ ಮಾಡಿ ಹೇಳಿಕೊಂಡಿದ್ದೂ ಉಂಟು.

ದಸರಾ ಕಳೆದ ಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ಅಷ್ಟರಲ್ಲಿ ನನ್ನ ರವಿಕೆಗಳನ್ನೆಲ್ಲ ಟೈಲರ್ ಎರಡು ಸಲ ಹಿಡಿದು ಹೊಲಿದಿದ್ದ. ಡಾಕ್ಟರು ನನ್ನನ್ನು ನೋಡಿ, "ನೀವು ತುಂಬ ಚೆನ್ನಾಗಾಗಿದೀರ" ಎಂದರು. ಇವರನ್ನು ತಕ್ಕಡಿ ಹತ್ತಿಸಿದರು. ತೂಕ ಇನ್ನೂ ಏರಿತ್ತು, ಬಿ.ಪಿ. ಇದ್ದಲ್ಲೇ ಇತ್ತು. ನಾನು ತುಪ್ಪದ ಮೇಲೆ ಅನುಮಾನಪಟ್ಟು ತುಪ್ಪ ನಿಲ್ಲಿಸಿದೆ. ಅತ್ತೆ ಕದ್ದು ಬಡಿಸುತ್ತಿದ್ದಾರೆಂದು ಅವರ ಮೇಲೂ ಕಣ್ಣಿಟ್ಟೆ. ಅನುಮಾನ ಪಡಬೇಕಾದದ್ದು ನನ್ನ ಒಗೆಯುವ ಕಲ್ಲಿನ ಮೇಲೇ ಬಿದ್ದಿತ್ತು, ನೋಡಲಿಲ್ಲ. ಗೋಣಿ ಚೀಲದ ಮೇಲೆ ನಮ್ಮ ತೋಟದ ಗುರುತಿನ ಕಪ್ಪು ಅಚ್ಚು ಇರುತ್ತದೆ, ಬೆವರಿಗೆ ಅದು ಬಟ್ಟೆಗೆ ಹತ್ತುತ್ತದೆ. ಮೊದಮೊದಲು ಇವರ ಬನಿಯನ್ನಿನ ಬೆನ್ನ ಮೇಲೆ ಹತ್ತುತ್ತಿತ್ತು. ಆಮೇಲಾಮೇಲೆ ಬನಿಯನ್ ಸ್ವಚ್ಛ. ಅಚ್ಚು ಚಡ್ಡಿಯ ಹಿಂಭಾಗದಲ್ಲಿ ಮಾತ್ರ. ನಾನು ಸೋಪು ಹಾಕಿ ಉಜ್ಜುತ್ತಿದ್ದೆ, ಅಷ್ಟೇ.

ಒಂದು ಬೆಳಿಗ್ಗೆ, ನಿಂತು ಬಗ್ಗಿ ಕಾಲು ಮುಟ್ಟುವ ಆಟ. ಶುರುವಿನಲ್ಲಿ ನನಗೆ ಮೊಣಕಾಲು ಮುಟ್ಟಿದರೆ ಸಾಕಾಗುತ್ತಿತ್ತು. ಅವತ್ತು ಹೆಬ್ಬೆರಳು ಸಿಕ್ಕಿತು. ಆ ಹುಮ್ಮಸ್ಸಿನಲ್ಲಿ ಇನ್ನೂ ಬಗ್ಗಿದೆ. ನನ್ನ ಮೊಣಕಾಲಿನ ಪಕ್ಕದಿಂದ ಸ್ಟೋರ್ ತಲೆಕೆಳಗಾಗಿ ಕಂಡಿತು. ಅದರ ಮಧ್ಯದಲ್ಲಿ ನನ್ನ ಗಂಡ, ಚೀಲದ ರಾಶಿಯ ಮೇಲೆ, ಮದುವೆ ಮನೆಯಲ್ಲಿ ಊಟದ ಕರೆಗೆ ಕಾಯುವ ನೆಂಟನ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಬಾಯಿಂದ "ಆರು ಆರು ಆರು" ನಡೆಯುತ್ತಲೇ ಇತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ನನ್ನ ಮೇಲೇ. ನಾನು ಭತ್ತ ಬೆಳೆಯುವವರ ಮಗಳು. ಅಳೆಯುವವರು ರಾಗ ಎಳೆದು ಕಿವಿ ತುಂಬಿಸುವಾಗಲೇ ಕೈ ಮೋಸ ಮಾಡುತ್ತದೆ, ಅವರ ಬಾಯಿ ಕೇಳುತ್ತಾ ನಿಲ್ಲಬೇಡ, ಕೊಳಗ ನೋಡು ಎಂದು ನಮ್ಮಪ್ಪ ಕಣದಲ್ಲಿ ನಿಲ್ಲಿಸಿ ಹೇಳಿಕೊಟ್ಟಿದ್ದರು. ಅಂಥವಳು ಬೇಸಿಗೆಯಿಂದ ಗೋಡೆ ನೋಡುತ್ತಾ ನಿಂತಿದ್ದೆ.

"ನನ್ ತಲೆ ಮೇಲೆ ಆಣೆ ಮಾಡಿದ್ರಲ್ರೀ" ಎಂದೆ. ಅದು ಆಳುಗಳಿರುವ ಲೈನಿನ ಮನೆಗಳಿಗೂ ಕೇಳಿಸಿತಂತೆ.

"ಬಿಡಲ್ಲ ಅಂತ ಆಣೆ ಮಾಡಿದ್ದೆ. ಒಂದಿನಾನೂ ಬಿಟ್ಟಿಲ್ಲ. ದಿನಾ ಬಂದಿದೀನಿ" ಎಂದರು.

ಕೈಗೆ ತೂಕದ ಕಲ್ಲು ಸಿಕ್ಕಿತು. ಎಸೆಯುವುದಕ್ಕಲ್ಲ, ಎತ್ತಿ ತೋರಿಸುವುದಕ್ಕೆ. ನೋಡಿ, ನಾನು ಇದನ್ನು ಎತ್ತುತ್ತಿದ್ದದ್ದು ನನಗಾಗಿ ಅಲ್ಲ ಎಂದು ಶುರು ಮಾಡಿದವಳು ಅತ್ತುಬಿಟ್ಟೆ. "ನಿಮಗೇನಾದ್ರೂ ಆಗೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?"

ಇವರು ಕಾಲು ಇಳಿಸಿ ಕೂತರು. ಬಾಗಿಲ ಕಡೆ ಕೈ ತೋರಿಸಿದರು. "ಅಪ್ಪ ಬಿದ್ದಿದ್ದು ಅಲ್ಲೇ ಕಣೆ. ಚೀಲದ ಒಂದು ತುದಿ ಅವರು ಹಿಡಿದಿದ್ರು, ಇನ್ನೊಂದು ನಾನು ಹಿಡಿದಿದ್ದೆ. ಮೊದಲೆರಡು ವಾರ ನಾನೂ ಮಾಡ್ದೆ. ಕೈ ಮೇಲೆತ್ತಿದ ಕೂಡ್ಲೆ ಎದೆ ಹೊಡ್ಕೊಳ್ಳಕ್ಕೆ ಶುರುವಾಗ್ತದೆ. ಎದುರಿಗೆ ಆ ಬಾಗ್ಲು. ಕೂತ್ಬುಟ್ಟೆ. ನಿಂಗೆ ಹೇಳಕ್ಕೆ ನಾಚ್ಕೆ ಆಯ್ತು."

ಮಾವನವರು ಹೋದದ್ದು ನಾನು ಈ ಮನೆಗೆ ಬರುವ ಮುಂಚೆ. ಸ್ಟೋರಿನಲ್ಲಿ ಎಂದು ಕೇಳಿದ್ದೆ, ಯಾವ ಜಾಗ, ಜೊತೆಗೆ ಯಾರಿದ್ದರು ಎಂದು ಯಾರೂ ಹೇಳಿರಲಿಲ್ಲ. ಕೊಟ್ಟಿಗೆ ಆಗಲ್ವಾ ಎಂದು ಇವರು ಯಾಕೆ ಕೇಳುತ್ತಿದ್ದರೆಂದು ಆಗ ತಿಳಿಯಿತು. ಕಲ್ಲನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತೆ. ನನ್ನ ಚಡ್ಡಿಗೂ ಅಚ್ಚು ಹತ್ತಲಿ ಎನ್ನೋಣವೆಂದರೆ ನಾನು ಹಾಕಿದ್ದು ನೈಟಿ.

ಬಾಗಿಲು ತಳ್ಳಿಕೊಂಡು ಅತ್ತೆ ನಿಂತಿದ್ದರು. ನನ್ನ ಕೂಗಿಗೆ ಓಡಿ ಬಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗನನ್ನು ನೋಡಿದರು, ನನ್ನನ್ನು ನೋಡಿದರು, ತಾವು ನಿಂತಿದ್ದ ಹೊಸ್ತಿಲನ್ನು ನೋಡಿದರು. "ಮೊದ್ಲು ಡಾಕ್ಟ್ರ ಹತ್ರ ಹೋಗಿ ಎದೆ ತೋರಿಸ್ಕೊಂಡ್ ಬಾ. ಆಮೇಲೆ ಜಗಲೀಲಿ ಮಾಡ್ರಿ. ನಾನು ಎಣಿಸ್ತೀನಿ" ಎಂದರು.

ಡಾಕ್ಟರು ತಂತಿ ಹಚ್ಚಿ ಪರೀಕ್ಷೆ ಮಾಡಿ, ಎದೆಗೆ ಏನೂ ಆಗಿಲ್ಲ, ಅದು ಹೊಡೆದುಕೊಳ್ಳುವುದೇ ಅದರ ಕೆಲಸ, ನಿಧಾನವಾಗಿ ಶುರು ಮಾಡಿ ಎಂದು ಕಳಿಸಿದರು.

ಮಾವ ಹೋದ ಮೇಲೆ ವರ್ಷಗಟ್ಟಲೆ ಈ ಮನೆಯ ಭತ್ತ ಅಳೆಸಿದವರು ನಮ್ಮತ್ತೆ. ಅಂಚಿನ ತನಕ ತುಂಬಿ ತಲೆ ಸವರದ ಕೊಳಗ ಅವರ ಎದುರು ಲೆಕ್ಕಕ್ಕೆ ಸೇರಿದ್ದಿಲ್ಲ. ಜಗಲಿಯ ಕುರ್ಚಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತು "ಲಾಭ" ಎಂದು ಶುರು ಮಾಡಿದರೆ, ಮಗನ ಮೊಣಕಾಲು ಪೂರ್ತಿ ಮಡಿಸುವ ತನಕ ಎಣಿಕೆ ಮುಂದೆ ಹೋಗುತ್ತಿರಲಿಲ್ಲ. "ಮೂರು ಮೂರು ಮೂರು. ಇನ್ನೂ ತುಂಬಿಲ್ಲ, ಕೂತ್ಕೊ. ಮೂರು ಮೂರು." ರೈಟರ್ ಅಂಗಳದಲ್ಲಿ ಆಕಾಶ ನೋಡುತ್ತಾ ನಿಲ್ಲುತ್ತಿದ್ದ. ಲೈನಿನಿಂದ ಕೆಲಸಕ್ಕೆ ಹೊರಟ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. "ಸಾವ್ಕಾರ್ರಿಗೆ ಅಮ್ಮಾವ್ರು ಏನ್ ಶಿಕ್ಷೆ ಕೊಟ್ಟವ್ರೆ?" ಎಂದು ಒಬ್ಬಳು ಕೇಳಿಯೇ ಬಿಟ್ಟಳು. ವಾರದಲ್ಲಿ ಅವರಿಗೂ ಅಭ್ಯಾಸವಾಯಿತು. ಇವರ ಎದೆ ಹೊಡೆದುಕೊಳ್ಳುತ್ತಿತ್ತು, ನಾಚಿಕೆಗೋ ಭಯಕ್ಕೋ ಎಂದು ಯೋಚಿಸುವುದಕ್ಕೆ ಅತ್ತೆ ಸಮಯ ಕೊಡುತ್ತಿರಲಿಲ್ಲ. ಬೆಲ್ಟಿನಲ್ಲಿ ಒಂದು ತೂತು ಹಿಂದೆ ಬಂತು. ಆಮೇಲೆ ಇನ್ನೊಂದು.

ಇವರು ಹುಟ್ಟಿದ ತಾರೀಖು ಶಾಲೆಯಲ್ಲಿ ಮೇಷ್ಟ್ರು ತಮಗೆ ತೋಚಿದಂತೆ ಬರೆದದ್ದು. ನಿಜವಾದದ್ದು ಅತ್ತೆಗೆ ಮಾತ್ರ ಗೊತ್ತು, ಕಾರ್ತಿಕದ ಕಡೇ ಸೋಮವಾರ. ಆ ವರ್ಷ, ಇವರಿಗೆ ಐವತ್ತು ತುಂಬುವ ಆ ಸೋಮವಾರ ಬರುವ ಹೊತ್ತಿಗೆ ಕೊಯ್ಲು ಶುರುವಾಗಿತ್ತು, ಅಂಗಳದಲ್ಲಿ ಬುಟ್ಟಿ ಹಿಡಿದ ಆಳುಗಳು ನಿಂತಿದ್ದರು. ನನಗೆ ಹಿಂದಿನ ದಿನದಿಂದಲೇ ಊಟ ಸೇರಿರಲಿಲ್ಲ. ಅತ್ತೆ ಎಂದಿನಂತೆ ಕುರ್ಚಿಯಲ್ಲಿ ಕೂತು, ಕೈ ಮೇಲೆತ್ತಿ ಇಳಿಸುವುದಕ್ಕೆ ಲಾಭ ಎಂದರು. ಅದನ್ನು ನಾವು ಇಪ್ಪತ್ತಕ್ಕೆ ನಿಲ್ಲಿಸುತ್ತಿದ್ದೆವು. ಅವತ್ತು ಇಪ್ಪತ್ತಾಯಿತು, ಅತ್ತೆ ಇಪ್ಪತ್ತೊಂದು ಎಂದರು. ಮೂವತ್ತಾಯಿತು. "ಸಾಕು ಕಣವ್ವ, ಆಳು ಕಾಯ್ತಾವೆ" ಎಂದು ಇವರು ಗೊಣಗಿದರು. ಅತ್ತೆ ಕೇಳಿಸಿಕೊಳ್ಳಲಿಲ್ಲ. ನಲವತ್ತು ದಾಟಿದ ಮೇಲೆ ನನಗೆ ತಿಳಿಯಿತು. ಇವರಿಗೂ ತಿಳಿದಿರಬೇಕು, ಗೊಣಗುವುದನ್ನು ನಿಲ್ಲಿಸಿ ಅವ್ವನ ಮುಖವನ್ನೇ ನೋಡುತ್ತಾ ಕೈ ಎತ್ತತೊಡಗಿದರು. ನಾನೂ ಪಕ್ಕದಲ್ಲಿ ಎತ್ತಿದೆ.

"ಐವತ್ತು ಐವತ್ತು ಐವತ್ತು" ಎಂದು ಅತ್ತೆ ಬಹಳ ಹೊತ್ತು ಅದನ್ನೇ ಹೇಳುತ್ತಿದ್ದರು. ಇವರ ಕೈ ಮೇಲೇ ಇತ್ತು. ಆಮೇಲೆ ಕೈ ಇಳಿಸಿ, ಮತ್ತೆ ಪೂರ್ತಿ ಮೇಲೆತ್ತಿದರು.

"ಐವತ್ತೊಂದು" ಎಂದರು ಅತ್ತೆ. ಎದ್ದು ಎಲೆಯಡಿಕೆ ಉಗಿಯುವುದಕ್ಕೆ ಹಿತ್ತಲ ಕಡೆ ಹೋದರು.